ಅಂಟಿಲ್ಲದ ಕುದುರೆ

ಕುದುರೆ ಜಗ್ಗಲಿಲ್ಲ.

ಪೀಪಿ ಎರಡೂ ಹೆಬ್ಬೆರಳು ಊರಿ ಮತ್ತೆ ತಳ್ಳಿದಳು. ಊಹೂಂ. ಗಿಟಾರಿನ ಉಬ್ಬಿದ ಹೊಟ್ಟೆಯ ಮೇಲೆ ಅದು ಪಟ್ಟು ಹಿಡಿದು ನಿಂತಿತ್ತು.

ನಿಜವಾದ ಕುದುರೆಯಲ್ಲ. ಗಿಟಾರಿನ ತಂತಿಗಳನ್ನು ಮೇಲಕ್ಕೆತ್ತಿ ಹಿಡಿಯುವ ಕಪ್ಪು ಮರದ ತುಂಡು. ಅದಕ್ಕೆ ಕುದುರೆ ಅನ್ನುತ್ತಾರೆ ಅಂತ ಹೇಳಿಕೊಟ್ಟವನು ಅಜ್ಜನೇ.

"ಬೇರೆ ಗಿಟಾರಲ್ಲಿ ಇದನ್ನ ಅಂಟು ಹಾಕಿ ಕೂರಿಸಿರ್ತಾರೆ. ಇದು ಆರ್ಚ್‌ಟಾಪ್ ಕಣೇ, ಹೊಟ್ಟೆ ಉಬ್ಬಿದ ಜಾತಿ. ಇದರ ಕುದುರೆಗೆ ಅಂಟೂ ಇಲ್ಲ, ಮೊಳೆಯೂ ಇಲ್ಲ. ತಂತಿಗಳು ಒತ್ತಿ ಹಿಡಿದಿರೋದಕ್ಕೆ ನಿಂತಿದೆ, ಅಷ್ಟೆ. ಅದಕ್ಕೇ ತಂತಿ ಬದಲಾಯಿಸುವಾಗ ಒಂದೊಂದೇ ಬಿಚ್ಚಬೇಕು. ಆರನ್ನೂ ಒಟ್ಟಿಗೆ ಬಿಚ್ಚಿದ್ಯೋ, ಕುದುರೆ ಓಡಿಹೋಗುತ್ತೆ!"

ಆಗ ಪೀಪಿ ಬಿದ್ದು ಬಿದ್ದು ನಕ್ಕಿದ್ದಳು. ಈಗ ನಗು ಬರಲಿಲ್ಲ. ಬಚ್ಚಲಿನಲ್ಲಿ ನೀರು ಬೀಳುವ ಸದ್ದು ಕೇಳುತ್ತಿತ್ತು. ಅಜ್ಜ ಒಂದೇ ಕೈಯಲ್ಲಿ ಸೋಪು ಹಚ್ಚಿ, ಒಂದೇ ಕೈಯಲ್ಲಿ ಗುಂಡಿ ಹಾಕಿಕೊಂಡು ಬರುವಷ್ಟರಲ್ಲಿ ಕೆಲಸ ಮುಗಿಯಬೇಕು. ಅಮ್ಮ ಹೊಲಿದ ಪರದೆಗಳ ಗಂಟು ಹೊತ್ತುಕೊಂಡು ಕೆಳಗಿನ ಅಂಗಡಿಗೆ ಹೋಗಿದ್ದಳು. ಅವಳೂ ಯಾವ ಗಳಿಗೆಯಲ್ಲಾದರೂ ಮೆಟ್ಟಿಲು ಹತ್ತಿ ಬರಬಹುದು.

ಪೀಪಿ ಗಿಟಾರಿನ ತುದಿಯ ಕಿವಿಗಳನ್ನು ತಿರುಗಿಸಿ ತಂತಿಗಳನ್ನು ಸ್ವಲ್ಪ ಸಡಿಲ ಮಾಡಿದಳು. ಅಮ್ಮನ ಹೊಲಿಗೆ ಮೆಷಿನ್ನಿನ ಮೇಲಿದ್ದ ನೀಲಿ ಚಾಕ್‌ಪೀಸ್ ತಂದು ಕುದುರೆಯ ಕಾಲಿನ ಸುತ್ತ ಸಣ್ಣ ಗೆರೆ ಎಳೆದಳು. ಗುರುತಿರಲಿ, ಆಮೇಲೆ ಯಾವಾಗಲಾದರೂ ವಾಪಸ್ ಇಡಬಹುದು. ನಂತರ ತಳ್ಳಿದಳು.

ಕುದುರೆ ಈ ಸಲ ಕಿರ್ ಎಂದು ಜರುಗಿತು. ತುಂಬಾ ಅಲ್ಲ, ಎರಡು ಬೆಂಕಿಕಡ್ಡಿ ಅಕ್ಕಪಕ್ಕ ಇಟ್ಟಷ್ಟು.

ಅಷ್ಟು ಸಾಕು. ಕುದುರೆ ಜಾಗ ತಪ್ಪಿದರೆ ಸ್ವರವೂ ತಪ್ಪುತ್ತದೆ ಅಂತ ಅಜ್ಜನೇ ಹೇಳಿದ್ದ. ಇವತ್ತು ಗಿಟಾರ್ ನೋಡಲು ಯಾರೋ ಬರುತ್ತಾರೆ. ಬಾರಿಸಿ ನೋಡುತ್ತಾರೆ. ಅಯ್ಯೋ, ಇದು ಸರಿಯಿಲ್ಲ ಅನ್ನುತ್ತಾರೆ. ಹೋಗುತ್ತಾರೆ. ಗಿಟಾರ್ ಗೋಡೆಯ ಮೇಲೆ ತನ್ನ ಜಾಗದಲ್ಲೇ ಉಳಿಯುತ್ತದೆ.

ಪೀಪಿ ತಂತಿಗಳನ್ನು ಅಂದಾಜಿಗೆ ಬಿಗಿದು, ಏನೂ ಆಗಿಲ್ಲವೆಂಬಂತೆ ಹೋಮ್‌ವರ್ಕ್ ಮುಂದೆ ಕುಳಿತಳು. ಪೆನ್ಸಿಲ್ ಹಿಡಿದ ಬೆರಳುಗಳೆಲ್ಲ ನೀಲಿಯಾಗಿದ್ದವು. ಅವನ್ನು ಫ್ರಾಕಿಗೆ ಒರೆಸಿಕೊಂಡಳು.

*

ಅವಳ ನಿಜವಾದ ಹೆಸರು ಸ್ಕೂಲಿನ ಹಾಜರಿಗೆ ಮಾತ್ರ. ಹುಟ್ಟಿದ ದಿನ ಅವಳು ಅತ್ತಿದ್ದನ್ನು ಕೇಳಿ ಅಜ್ಜ, "ಥೇಟ್ ಪೀಪಿ! ಅದೂ ಎ ಸ್ವರದ್ದು!" ಅಂದಿದ್ದನಂತೆ. ಅಂದಿನಿಂದ ಅವಳು ಪೀಪಿ.

ಅಜ್ಜನಿಗೆ ಎಲ್ಲದರಲ್ಲೂ ಸ್ವರ ಕೇಳಿಸುತ್ತಿತ್ತು. ಸರಿಗಮ ಅಲ್ಲ, ಗಿಟಾರಿನವರು ಹೇಳುವ ಎ, ಬಿ, ಸಿ, ಡಿ. ಫ್ರಿಜ್ಜು ಗುಂಯ್ ಅನ್ನುವುದು ಜಿ, ಆದರೆ ಸ್ವಲ್ಪ ಏರು. ಅಮ್ಮನ ಮೆಷಿನ್ನು ಉದ್ದದ ಪರದೆ ಹೊಲಿಯುವಾಗ ಡಿ, ಮೂಲೆ ತಿರುಗುವಾಗ ಜಾರಿ ಸಿ. ಮೇಲಿನ ಮನೆಯ ಬಾಗಿಲು ಕಿರುಗುಟ್ಟಿದರೆ, "ಆಹಾ, ಎಫ್ ಶಾರ್ಪ್! ದಯವಿಟ್ಟು ಎಣ್ಣೆ ಹಾಕ್ಬೇಡಿ" ಅನ್ನುತ್ತಿದ್ದ. ಅಜ್ಜ ಮತ್ತು ಪೀಪಿ ದಿನಾ ಆಡುತ್ತಿದ್ದ ಆಟ ಅದು. ಏನಾದರೂ ಸದ್ದಾದರೆ ಪೀಪಿ "ಯಾವ್ದು?" ಅನ್ನಬೇಕು, ಅಜ್ಜ ಹೇಳಬೇಕು. ಅಮ್ಮ ಒಮ್ಮೆ ಸಿಟ್ಟಿನಲ್ಲಿ ಸ್ಟೀಲ್ ಡಬ್ಬಿ ಕುಕ್ಕಿದಾಗಲೂ ಪೀಪಿ ಕೇಳಿದ್ದಳು, ಅಜ್ಜ ಹೇಳಿದ್ದ. ಅವತ್ತು ಇಬ್ಬರಿಗೂ ಬೈಗುಳ ಬಿದ್ದಿತ್ತು.

ಅಜ್ಜ ಬಹಳ ವರ್ಷ ಒಂದು ದೊಡ್ಡ ಹೋಟೆಲಿನ ಬ್ಯಾಂಡಿನಲ್ಲಿ ಇದೇ ಗಿಟಾರ್ ಬಾರಿಸಿದ್ದ. ಅದು ಅಮ್ಮನಿಗಿಂತ ಹಳೆಯದು. ನಡುವೆ ಜೇನಿನ ಬಣ್ಣ, ಅಂಚಿಗೆ ಹೋದಂತೆ ಸುಟ್ಟ ಸಕ್ಕರೆಯ ಬಣ್ಣ. ದುಂಡನೆಯ ತೂತಿನ ಬದಲು ಎರಡು ಉದ್ದನೆಯ ಬಳುಕು ಸೀಳು. ಅಜ್ಜನ ಮೊಣಕೈ ಊರುತ್ತಿದ್ದ ಕಡೆ ಬಣ್ಣವೆಲ್ಲ ಸವೆದು ಬರೀ ಮರ ಕಾಣುತ್ತಿತ್ತು.

ಕಳೆದ ವರ್ಷ ಅಜ್ಜನಿಗೆ ಸ್ಟ್ರೋಕ್ ಆಯಿತು. ಕಾಲು ಸರಿಹೋಯಿತು. ಮಾತು ಸರಿಹೋಯಿತು. ಎಡಗೈಯ ಬೆರಳುಗಳು ಮಾತ್ರ ಯಾರ ಮಾತೂ ಕೇಳದೆ ಮಡಚಿಕೊಂಡೇ ಉಳಿದವು. ತಂತಿ ಒತ್ತುವ ಕೈ ಅದೇ.

ಮೊನ್ನೆ ಊಟದ ಹೊತ್ತಿಗೆ ಅಜ್ಜ ಇದ್ದಕ್ಕಿದ್ದಂತೆ, "ಮಗಳೇ, ಗಿಟಾರ್ ಮಾರಿಬಿಡೋಣ. ಬಾರಿಸೋರ ಕೈಗೆ ಹೋಗ್ಲಿ" ಅಂದ. ಅಮ್ಮ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಆಮೇಲೆ ಫೋನಿನಲ್ಲಿ ಫೋಟೊ ಹಾಕಿ, ಅಜ್ಜ ಹೇಳಿದಂತೆ ಬರೆದಳು: 'ಹಳೆಯ ಆರ್ಚ್‌ಟಾಪ್ ಗಿಟಾರ್ ಮಾರಾಟಕ್ಕಿದೆ. ಒಬ್ಬರೇ ಬಾರಿಸಿದ್ದು. ಸ್ವರ ಶುದ್ಧವಾಗಿದೆ.'

*

"ಅರೆ, ತಂತಿ ಯಾಕೆ ಇಷ್ಟು ಇಳಿದಿದೆ?" ಸ್ನಾನ ಮುಗಿಸಿ ಬಂದ ಅಜ್ಜ ಗಿಟಾರನ್ನು ತೊಡೆಯ ಮೇಲೆ ಇಟ್ಟುಕೊಂಡ. "ಚಳಿ ಶುರುವಾಯ್ತಲ್ಲ, ಅದಕ್ಕೇ ಇರ್ಬೇಕು. ಬಾ ಪೀಪಿ, ನೀನು ಮೀಟು."

ಪೀಪಿ ಒಂದೊಂದೇ ತಂತಿ ಮೀಟಿದಳು. ಅಜ್ಜ ಫ್ರಿಜ್ಜಿನ ಗುಂಯ್‌ಗೆ ಕಿವಿಗೊಟ್ಟು, "ಇದಕ್ಕಿಂತ ಚೂರು ಕೆಳಗೆ" ಅಂತ ಗೊಣಗುತ್ತ ಬಲಗೈಯಲ್ಲಿ ಗಿಟಾರಿನ ಕಿವಿ ತಿರುಗಿಸಿದ. ಆರೂ ತಂತಿ ಶ್ರುತಿಗೆ ಬಂದವು. ಬೆರಳಿಂದ ಒತ್ತದೆ ಮೀಟಿದಾಗ ಕುದುರೆ ಜರುಗಿದ್ದು ಗೊತ್ತಾಗುವುದೇ ಇಲ್ಲ. ತಂತಿ ಒತ್ತಿ ಬಾರಿಸುತ್ತ ಕುದುರೆಯ ಹತ್ತಿರ ಬಂದಷ್ಟೂ ಸ್ವರ ತಪ್ಪುತ್ತದೆ.

ಕೊನೆಗೆ ಅಜ್ಜ ಮೆತ್ತನೆಯ ಬಟ್ಟೆ ತೆಗೆದುಕೊಂಡು ಗಿಟಾರನ್ನು ನಿಧಾನವಾಗಿ ಒರೆಸಿದ. ಕತ್ತು, ಬೆನ್ನು, ಹೊಟ್ಟೆ. ಕುದುರೆಯ ಕಾಲಿನ ಸುತ್ತಲೂ.

ನೀಲಿ ಗೆರೆ ಬಟ್ಟೆಗೆ ಹತ್ತಿಕೊಂಡು ಹೋಯಿತು. ಪೀಪಿ ನೋಡುತ್ತಲೇ ನಿಂತಳು.

"ಈ ಮನೇಲಿ ಎಲ್ಲಿ ನೋಡಿದ್ರೂ ನಿಮ್ಮಮ್ಮನ ಚಾಕ್‌ಪೀಸು" ಅಂತ ಅಜ್ಜ ಬಟ್ಟೆ ಕೊಡವಿದ.

*

ಬಂದವನು ಕಂಕುಳಲ್ಲಿ ಹೆಲ್ಮೆಟ್ ಇಟ್ಟುಕೊಂಡೇ ಒಳಗೆ ಬಂದ. ಮಕ್ಕಳಿಗೆ ಗಿಟಾರ್ ಕ್ಲಾಸ್ ಮಾಡುತ್ತಾನಂತೆ. ಕುರ್ಚಿ ತೋರಿಸಿದರೂ ಹೆಲ್ಮೆಟ್ ಕೆಳಗಿಡಲಿಲ್ಲ. ಗೋಡೆಯ ಮೇಲಿದ್ದ ಗಿಟಾರ್ ನೋಡಿದ ಮೇಲೆ ಮಾತ್ರ ಅದನ್ನು ತಡಕಾಡುತ್ತ ನೆಲದ ಮೇಲಿಟ್ಟ. ಪೀಪಿ ಮನಸ್ಸಿನಲ್ಲೇ ಅವನಿಗೆ ಹೆಲ್ಮೆಟ್ ಅಣ್ಣ ಅಂತ ಹೆಸರಿಟ್ಟಳು.

"ಮುಟ್ಟಬಹುದಾ ಸರ್?" ಅಂತ ಕೇಳಿದ.

"ಮುಟ್ಟದೆ ಹೇಗಪ್ಪ ಬಾರಿಸ್ತೀಯಾ?"

ಅವನು ಬಾರಿಸಿದ. ಕತ್ತಿನ ತುದಿಯ ಹತ್ತಿರ ಬಾರಿಸಿದಾಗ ರೂಮು ತುಂಬ ಬೆಚ್ಚನೆಯ ದನಿ ಹರಡಿತು. ಎಷ್ಟು ದಿನವಾಗಿತ್ತು ಆ ದನಿ ಕೇಳಿ! ಅಮ್ಮ ಕತ್ತರಿ ಕೆಳಗಿಟ್ಟಳು. ಅಜ್ಜ ಕಣ್ಣು ಮುಚ್ಚಿದ.

ಆಮೇಲೆ ಹೆಲ್ಮೆಟ್ ಅಣ್ಣನ ಬೆರಳುಗಳು ಮೇಲಿನ ಸ್ವರಗಳಿಗೆ, ಕುದುರೆಯ ಕಡೆಗೆ ಬಂದವು. ಅಜ್ಜ ಕಣ್ಣು ತೆರೆದ.

"ಮೇಲಿಂದು ಇನ್ನೊಂದ್ಸಲ ಬಾರಿಸಪ್ಪ."

ಅವನು ಇನ್ನೊಂದು ಸಲ ಬಾರಿಸಿದ.

"ಸರಿ ಇದ್ಯಾ ಅದು?"

ಹೆಲ್ಮೆಟ್ ಅಣ್ಣ ಒಂದು ಕ್ಷಣ ತಡೆದ. "ಸೂಪರ್ ಆಗಿದೆ ಸರ್" ಅಂದ.

"ಮಗಳೇ, ನಿನಗೆ?"

"ಚೆನ್ನಾಗೇ ಕೇಳ್ತಿದೆಯಲ್ಲ ಅಪ್ಪಾ" ಅಂದಳು ಅಮ್ಮ.

ಅಜ್ಜ ಪೀಪಿಯ ಕಡೆ ತಿರುಗಿದ. "ನಿನಗೆ ಪೀಪಿ?"

ಸರಿಯಿಲ್ಲ ಅಂದರೆ ಯಾಕೆ ಅಂತ ಕೇಳುತ್ತಾರೆ. ಅವಳು ನೆಲ ನೋಡುತ್ತ, "ಚೆನ್ನಾಗಿದೆ" ಅಂದಳು.

ಅಜ್ಜ ಬಲಗೈಯಿಂದ ಬಲಗಿವಿ ಉಜ್ಜಿದ. ಎಡಗಿವಿ ಉಜ್ಜಿದ. "ಹಾಗಾದ್ರೆ ನನ್ನ ಕಿವಿನೇ" ಅಂದ, ತನಗೆ ತಾನೇ ಹೇಳಿಕೊಂಡಂತೆ.

ಆಮೇಲೆ ದನಿ ಎತ್ತಿ, "ಇವತ್ತು ಬೇಡಪ್ಪ, ಬೇಜಾರು ಮಾಡ್ಕೋಬೇಡ" ಅಂದ. "ಸ್ವರ ಶುದ್ಧವಾಗಿದೆ ಅಂತ ಬರೆಸಿದ್ದೀನಿ. ನನಗೇ ಖಾತ್ರಿ ಇಲ್ಲದ್ದನ್ನ ಹೇಗೆ ಕೊಡ್ಲಿ?"

ಹೆಲ್ಮೆಟ್ ಅಣ್ಣ ಅಮ್ಮನಿಗೆ ಫೋನ್ ನಂಬರ್ ಕೊಟ್ಟು, ಬಾಗಿಲಲ್ಲಿ ಎರಡು ಸಲ ತಿರುಗಿ ನೋಡಿ ಹೋದ. ಗಿಟಾರ್ ಗೋಡೆಯ ಮೇಲೆ ತನ್ನ ಜಾಗದಲ್ಲೇ ಉಳಿಯಿತು.

ಪೀಪಿ ಅಂದುಕೊಂಡದ್ದು ಅಂದುಕೊಂಡ ಹಾಗೇ ಆಗಿತ್ತು.

*

ಸಂಜೆ ಕೆಟಲ್ ಸಿಳ್ಳೆ ಹಾಕಿತು.

"ಅಜ್ಜಾ, ಯಾವ್ದು?"

ಅಜ್ಜ ಕಿಟಕಿಯ ಹೊರಗೆ ನೋಡುತ್ತಿದ್ದ. "ಗೊತ್ತಿಲ್ಲಮ್ಮ" ಅಂದ.

ಮರುದಿನ ಮೇಲಿನ ಮನೆಯ ಬಾಗಿಲು ಉದ್ದಕ್ಕೆ ಕಿರುಗುಟ್ಟಿತು. ಅಜ್ಜ ತಲೆಯೂ ಎತ್ತಲಿಲ್ಲ. ಅಮ್ಮ ಪರದೆಗೆ ರಿಂಗ್ ಹೊಲಿಯುತ್ತ, "ಕಿವಿ ಡಾಕ್ಟರ ಹತ್ರ ಒಂದ್ಸಲ ತೋರಿಸ್ಕೊಂಡು ಬರೋಣ್ವಾ ಅಪ್ಪಾ?" ಅಂತ ಕೇಳಿದಳು.

"ಏನು ತೋರಿಸೋದು? ಮೊದಲು ಬೆರಳು ಹೋಯ್ತು, ಈಗ ಕಿವಿ ಹೋಯ್ತು. ಅದಕ್ಕೆಲ್ಲ ಡಾಕ್ಟರು ಏನು ಮಾಡ್ತಾರೆ, ಬಿಡು." ಅಜ್ಜ ರೇಗಲಿಲ್ಲ. ರೇಗಿದ್ದರೆ ಚೆನ್ನಾಗಿತ್ತು ಅನ್ನಿಸಿತು ಪೀಪಿಗೆ.

ಸ್ಕೂಲಿನಲ್ಲಿ ಪೀರಿಯಡ್ ಬೆಲ್ ಹೊಡೆದಾಗ ಪಕ್ಕದಲ್ಲಿ ಕೂರುವ ಗೆಳತಿ ಮೊಣಕೈಯಿಂದ ತಿವಿದಳು. "ಏ ಪೀಪಿ, ಇದು ಯಾವ ಸ್ವರ ಅಂತ ನಿಮ್ಮಜ್ಜನ್ನ ಕೇಳ್ತೀನಿ ಅಂದಿದ್ಯಲ್ಲ, ಕೇಳಿದ್ಯಾ?"

"ಇಲ್ಲ."

"ಯಾಕೆ? ಮರೆತ್ಯಾ?"

"ಸುಮ್ನಿರೇ" ಅಂದಳು ಪೀಪಿ. ಗೆಳತಿ ಮುಖ ಊದಿಸಿಕೊಂಡು ಆಚೆ ತಿರುಗಿದಳು. ಪೀಪಿಗೆ ಅವಳನ್ನು ಸಮಾಧಾನ ಮಾಡಲೂ ಮನಸ್ಸಾಗಲಿಲ್ಲ.

ಅವತ್ತು ಮನೆಗೆ ಬಂದಾಗ ಅಜ್ಜ ಮಲಗಿದ್ದ, ಅಮ್ಮ ಅಳತೆ ತೆಗೆಯಲು ಯಾರದೋ ಮನೆಗೆ ಹೋಗಿದ್ದಳು. ಪೀಪಿ ಸ್ಟೂಲ್ ಹತ್ತಿ ಗಿಟಾರನ್ನು ಜೋಪಾನವಾಗಿ ಇಳಿಸಿದಳು. ತಂತಿ ಸಡಿಲಿಸಿದಳು. ಕುದುರೆಯನ್ನು ಹಿಂದಕ್ಕೆ ತಳ್ಳಿದಳು. ಎಲ್ಲಿಗೆ? ಗೆರೆ ಇರಲಿಲ್ಲ. ಇಷ್ಟೇನಾ, ಇನ್ನಷ್ಟಾ? ಮೀಟಿ ನೋಡಿದರೆ ಎಲ್ಲವೂ ಒಂದೇ ಥರ ಕೇಳಿಸಿತು. ಆಮೇಲೆ ಎಲ್ಲವೂ ತಪ್ಪಾಗಿ ಕೇಳಿಸಿತು. ಮುಂದೆ ತಳ್ಳಿದಳು, ಹಿಂದೆ ತಳ್ಳಿದಳು. ಕಣ್ಣು ಮಂಜಾಗಿ ಕುದುರೆಯೇ ಕಾಣದಾಯಿತು.

ಈ ಮನೆಯಲ್ಲಿ ಅದರ ಜಾಗ ಗೊತ್ತಿರುವುದು ಒಂದೇ ಒಂದು ಕಿವಿಗೆ. ಅದು ಒಳಗಿನ ರೂಮಿನಲ್ಲಿ ಮಲಗಿತ್ತು.

ಪೀಪಿ ಸುಮಾರು ಹೊತ್ತು ಗಿಟಾರನ್ನು ತಬ್ಬಿಕೊಂಡು ಕುಳಿತಿದ್ದಳು. ಇದು ಸರಿಯಾದರೆ ಹೆಲ್ಮೆಟ್ ಅಣ್ಣ ಬರುತ್ತಾನೆ. ಬಂದರೆ ತೆಗೆದುಕೊಂಡು ಹೋಗುತ್ತಾನೆ. ಗಿಟಾರಿನ ಸೀಳಿನಿಂದ ಹಳೆಯ ಮರದ ವಾಸನೆ ಬರುತ್ತಿತ್ತು. ಅವಳು ಮೂಗು ಇಟ್ಟು ಒಂದು ಸಲ ಜೋರಾಗಿ ಉಸಿರೆಳೆದುಕೊಂಡಳು. ಆಮೇಲೆ ಗಿಟಾರನ್ನು ಎತ್ತಿಕೊಂಡು ಒಳಗೆ ಹೋದಳು.

"ಅಜ್ಜಾ. ಏಳು."

"ಏನು ಮಗೂ?"

"ಒಂದೇ ಒಂದ್ಸಲ ಕೇಳು." ಅವಳು ಮಂಚದ ಅಂಚಿನಲ್ಲಿ ಕುಳಿತು ದಪ್ಪ ತಂತಿಯ ನಡುವೆ ಬೆರಳನ್ನು ಒತ್ತದೆ, ಬರೀ ತಾಗಿಸಿ ಮೀಟಿದಳು. ಅಜ್ಜ ಹಿಂದೆ ತಮಾಷೆಗೆ ಕಲಿಸಿದ್ದು ಅದು. ಗಂಟೆಯಂಥ ತಿಳಿ ಸ್ವರ ಹೊರಟಿತು. ಅದೇ ಜಾಗದಲ್ಲಿ ತಂತಿಯನ್ನು ಒತ್ತಿ ಮೀಟಿದಳು. "ಎರಡೂ ಒಂದೇನಾ ಅಜ್ಜಾ?"

"ಒಂದೇ ಇರ್ಬೇಕು." ಅಜ್ಜ ಮೆಲ್ಲಗೆ ಎದ್ದು ಕೂತ. "ಆದ್ರೆ ನನಗೆ ಎರಡನೇದು ಏರಿದ ಹಾಗೆ ಕೇಳುತ್ತೆ. ಹೇಳಿದ್ನಲ್ಲ ಮಗೂ, ನನ್ನ ಕಿವಿ..."

"ನಿನ್ನ ಕಿವಿ ಸರಿಯಾಗಿದೆ!" ಪೀಪಿ ಕಿರುಚಿದಂತೆ ಹೇಳಿದಳು. "ಸರಿಯಾಗೇ ಇದೆ. ನನಗೆ ಗೊತ್ತು."

ಅಜ್ಜ ಅವಳ ಮುಖ ನೋಡಿದ. ಆಮೇಲೆ ಕನ್ನಡಕಕ್ಕಾಗಿ ದಿಂಬಿನ ಪಕ್ಕ ತಡಕಿ, ಹಾಕಿಕೊಂಡು, ಗಿಟಾರಿನ ಹೊಟ್ಟೆಯ ಮೇಲೆ ಬಗ್ಗಿದ. ಹೆಬ್ಬೆರಳಿನಿಂದ ಕುದುರೆಯ ಕಾಲನ್ನು ಸವರಿದ. ಅದರ ಹಿಂದೆ, ಹತ್ತಿರದಿಂದ ನೋಡಿದರಷ್ಟೇ ಕಾಣುವ ಒಂದು ಎಳೆಯಷ್ಟು ಮರ ಬೇರೆಯದೇ ಬಣ್ಣದಲ್ಲಿ, ಬಿಸಿಲು ಕಾಣದ ಚರ್ಮದಂತೆ ತಿಳಿಯಾಗಿತ್ತು.

ಅಜ್ಜ ತಲೆ ಎತ್ತಿದ. ಫ್ರಿಜ್ಜು ಗುಂಯ್ ಅನ್ನುತ್ತಿತ್ತು.

"ಮಾರಿದ್ರೆ..." ಪೀಪಿ ಬಿಕ್ಕಿದಳು. "ಮಾರಿದ್ರೆ, ನಿನ್ನ ಕೈ ಇನ್ನು ವಾಸಿ ಆಗಲ್ಲ ಅಂತ ಆಯ್ತಲ್ಲ ಅಜ್ಜಾ."

ಅಜ್ಜ ತನ್ನ ಎಡಗೈಯನ್ನು ಬಲಗೈಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ. ನಿದ್ದೆ ಬಂದ ಮಗುವನ್ನು ಎತ್ತಿ ಮಲಗಿಸಿದ ಹಾಗೆ.

"ಹೌದು" ಅಂದ. "ಆಗಲ್ಲ."

ಇಷ್ಟು ದಿನ ಯಾರೂ ಹೀಗೆ ಹೇಳಿರಲಿಲ್ಲ. ಡಾಕ್ಟರು 'ನೋಡೋಣ' ಅನ್ನುತ್ತಿದ್ದರು. ಅಮ್ಮ 'ಆಗುತ್ತೆ ಆಗುತ್ತೆ' ಅನ್ನುತ್ತಿದ್ದಳು. ಪೀಪಿ ಮೂಗು ಒರೆಸಿಕೊಂಡು ಆ ಕೈಯನ್ನೇ ನೋಡಿದಳು.

"ನಿನಗೆ ಕಲಿಯೋ ಆಸೆ ಇದ್ಯಾ, ಹೇಳು. ಇದ್ರೆ ಇವತ್ತೇ ಮಾರೋದನ್ನ ಬಿಟ್ಬಿಡ್ತೀನಿ."

ಇದೆ ಅಂದುಬಿಟ್ಟರೆ ಮುಗಿಯಿತು. ಪೀಪಿ ಬಾಯಿ ತೆರೆದಳು. ಹೋದ ಬೇಸಿಗೆಯಲ್ಲಿ ಅಜ್ಜ ಹೇಳಿಕೊಡಲು ಕೂತಾಗಲೆಲ್ಲ ಬೆರಳು ಉರಿಯುತ್ತದೆ ಅಂತ ಓಡಿಹೋಗುತ್ತಿದ್ದುದು ನೆನಪಾಯಿತು. ಅವಳಿಗೆ ಇಷ್ಟವಾಗುತ್ತಿದ್ದುದು ಪಕ್ಕದಲ್ಲಿ ಕೂತು ಕೇಳುವುದು.

"ಇಲ್ಲ" ಅಂದಳು. "ನನಗೆ ನೀನು ಬಾರಿಸಿದ್ರೇ ಇಷ್ಟ."

ಅಜ್ಜ ತಲೆಯಾಡಿಸಿದ. "ತಂತಿ ಸಡಿಲ ಮಾಡು" ಅಂದ. "ಪೂರ್ತಿ ಬಿಚ್ಚಬೇಡ."

ಇಬ್ಬರೂ ಕೆಲಸಕ್ಕೆ ಕೂತರು. ಪೀಪಿ ತಳ್ಳುವಳು, ಬಿಗಿಯುವಳು, ಮೀಟುವಳು. ಒಮ್ಮೆ ತಾಗಿಸಿ, ಒಮ್ಮೆ ಒತ್ತಿ. ಅಜ್ಜ ಕಣ್ಣು ಮುಚ್ಚಿ ಕೇಳುವನು.

"ಇನ್ನೂ ಹಿಂದೆ. ಹಾಂ, ಜಾಸ್ತಿ ಆಯ್ತು. ಕೂದಲೆಳೆಯಷ್ಟು ಮುಂದೆ. ಕೂದಲೆಳೆ ಅಂದ್ನಮ್ಮ, ಜಡೆ ಅನ್ನಲಿಲ್ಲ!"

ಪೀಪಿಗೆ ಅಳುವಿನ ನಡುವೆಯೇ ನಗು ಬಂತು. ಅವಳ ಬೆರಳಿನ ತುದಿಯಲ್ಲಿ ತಂತಿಯ ಕೆಂಪು ಗೆರೆಗಳು ಮೂಡಿದ್ದವು. ಉರಿಯುತ್ತಿತ್ತು. ಅವಳು ಓಡಿಹೋಗಲಿಲ್ಲ.

"ಮತ್ತೆ ಮೀಟು."

ಅವಳು ಮೀಟಿದಳು. ಮೊದಲನೆಯ ಸ್ವರ ಹೊರಟು ಗಾಳಿಯಲ್ಲಿ ನಿಂತಿತು. ಎರಡನೆಯದು ಹೋಗಿ ಅದರ ಒಳಗೇ ಕುಳಿತುಬಿಟ್ಟಿತು. ಅದು ಪೀಪಿಗೂ ಕೇಳಿಸಿತು.

"ನಿಲ್ಲು!" ಅಜ್ಜ ಬಲಗೈ ಎತ್ತಿದ. "ಅಲ್ಲೇ. ಮುಟ್ಟಬೇಡ ಇನ್ನು." ಅವನ ಮುಖ ಹೋಟೆಲಿನ ಬ್ಯಾಂಡಿನ ಹಳೆಯ ಫೋಟೊದಲ್ಲಿದ್ದಂತೆ ಆಗಿತ್ತು. "ಹೋಗಿ ಚಾಕ್‌ಪೀಸ್ ತಗೊಂಡು ಬಾ. ನೀಲಿದು. ಸುತ್ತ ಗೆರೆ ಹಾಕು."

ಪೀಪಿ ಕುಳಿತಲ್ಲಿಂದ ಏಳಲಿಲ್ಲ.

"ಹೋಗಮ್ಮ" ಅಂದ ಅಜ್ಜ. "ಈ ಸಲ ನಾನು ಒರೆಸಲ್ಲ."

*

ಹೆಲ್ಮೆಟ್ ಅಣ್ಣ ಈ ಸಲ ಬೆನ್ನಿಗೆ ಹಾಕುವ ಗಿಟಾರ್ ಚೀಲವನ್ನೂ ತಂದಿದ್ದ. ಬಾರಿಸಿದ. ಕೆಳಗಿಂದ ಮೇಲಿನವರೆಗೆ, ಕುದುರೆಯ ಹತ್ತಿರದ ಸಣ್ಣ ಸಣ್ಣ ಸ್ವರಗಳವರೆಗೆ ಹೋಗಿ ಬಂದ. ನಿಲ್ಲಿಸಿ ಅಜ್ಜನನ್ನು ನೋಡಿದ.

"ಸರ್, ಅವತ್ತು ನನಗೂ ಮೇಲೆ ಏನೋ ಹೇಗೋ ಅನ್ನಿಸಿತ್ತು. ನಿಮ್ಮಂಥ ಹಿರಿಯರ ಮುಂದೆ ಹೇಗೆ ಹೇಳೋದು ಅಂತ ಸುಮ್ನಿದ್ದೆ."

"ಹೇಳ್ಬೇಕಿತ್ತು ಕಣಪ್ಪ" ಅಂದ ಅಜ್ಜ. "ಹೇಳಿದ್ರೆ ಒಬ್ಬ ಮುದುಕನಿಗೆ ನಿದ್ದೆ ಬಂದಿರೋದು."

ಪೀಪಿ ಅಮ್ಮನ ಸೀರೆಯ ಸೆರಗಿನ ಹಿಂದೆ ಸರಿದಳು. ಅಜ್ಜ ಅವಳ ಕಡೆ ನೋಡಲೇ ಇಲ್ಲ.

"ತಂತಿ ಬದಲಾಯಿಸುವಾಗ ಒಂದೊಂದೇ ಬಿಚ್ಚು. ಆರನ್ನೂ ಒಟ್ಟಿಗೆ ಬಿಚ್ಚಬೇಡ. ಕುದುರೆ ಓಡಿಹೋಗುತ್ತೆ."

"ಆಯ್ತು ಸರ್. ಈ ನೀಲಿ ಗೆರೆ ಏನು? ಒರೆಸಿಬಿಡ್ಲಾ?"

"ನನ್ನ ಕೇಳಬೇಡ. ಅವಳನ್ನ ಕೇಳು."

ಎಲ್ಲರೂ ಪೀಪಿಯ ಕಡೆ ತಿರುಗಿದರು. ಪೀಪಿ ಸೆರಗು ಬಿಟ್ಟು ಮುಂದೆ ಬಂದಳು. "ಅದು ನಿಮ್ಮ ಕಿವಿಗೆ ಗೊತ್ತಾಗೋವರೆಗೂ ಇರ್ಲಿ" ಅಂದಳು. "ಆಮೇಲೆ ಒರೆಸಿ."

ಚೀಲದ ಜಿಪ್ ಎಳೆಯುವ ಮೊದಲು ಅಜ್ಜ ಗಿಟಾರಿನ ಸವೆದ ಜಾಗದ ಮೇಲೆ ಒಂದು ಸಲ ಅಂಗೈ ಇಟ್ಟು ತೆಗೆದ. ಜಿಪ್ ಸರ್ರನೆ ಮುಚ್ಚಿಕೊಂಡಿತು. ಅಮ್ಮ ಹೆಲ್ಮೆಟ್ ಅಣ್ಣನ ಜೊತೆ ಕೆಳಗಿನವರೆಗೂ ಹೋದಳು.

ಗೋಡೆಯ ಮೇಲೆ ಮೊಳೆ ಮಾತ್ರ ಉಳಿಯಿತು. ಅದರ ಕೆಳಗೆ ಸುಣ್ಣ ಮಾಸದ ಒಂದು ಗಿಟಾರಿನ ಆಕಾರ.

ಪೀಪಿ ಅಜ್ಜನ ಕುರ್ಚಿಯ ಪಕ್ಕ ನೆಲದ ಮೇಲೆ ಕುಳಿತಳು. ಬೀದಿಯಲ್ಲಿ ಸ್ಕೂಟರ್ ಕೆಮ್ಮಿ, ಸ್ಟಾರ್ಟ್ ಆಯಿತು. ಅವಳಿಗೆ 'ಯಾವ್ದು?' ಅಂತ ಕೇಳುವ ಧೈರ್ಯ ಬರಲಿಲ್ಲ.

"ಇ" ಅಂದ ಅಜ್ಜ ತಾನಾಗಿಯೇ.

ಸ್ಕೂಟರ್ ಹೊರಟಿತು.

"ಎಫ್... ಎಫ್ ಶಾರ್ಪ್... ಗೇರ್ ಬದಲಾಯಿಸ್ದ ನೋಡು, ಮತ್ತೆ ಡಿ..."

ಸದ್ದು ಬೀದಿಯ ತುದಿ ಮುಟ್ಟಿತು. ತಿರುವಿನಲ್ಲಿ ತೆಳ್ಳಗಾಯಿತು. ಅಂಗಡಿಯ ಷಟರ್ ಎಳೆದ ಶಬ್ದ, ಯಾರೋ ಯಾರನ್ನೋ ಕೂಗಿದ ಶಬ್ದ ಅಡ್ಡ ಬಂದವು. ಆಮೇಲೆ ಸ್ಕೂಟರ್ ಇಲ್ಲವೇ ಇಲ್ಲ.

"ಹೋಯ್ತು ಅಜ್ಜಾ" ಅಂದಳು ಪೀಪಿ.

"ಶ್‌ಶ್." ಅಜ್ಜ ಬಲಗೈಯ ತೋರುಬೆರಳು ಎತ್ತಿದ. ಕಣ್ಣು ಮುಚ್ಚಿತ್ತು. ಬೆರಳು ಗಾಳಿಯಲ್ಲಿ ನಿಧಾನವಾಗಿ, ಏನನ್ನೋ ಹಿಂಬಾಲಿಸುವ ಹಾಗೆ ಸರಿಯುತ್ತಿತ್ತು.

ಪೀಪಿ ಉಸಿರು ಬಿಗಿಹಿಡಿದು ಕಿವಿಗೊಟ್ಟಳು. ಅವಳಿಗೆ ಏನೂ ಕೇಳಿಸಲಿಲ್ಲ.

ಆದರೂ ಅಜ್ಜನ ಬೆರಳು ಕೆಳಗಿಳಿಯುವವರೆಗೂ ಅವಳು ಮಾತಾಡಲಿಲ್ಲ.